ಬಾವಿಗೆ ಇಳಿಸಿದ ದೀಪ

ಚಿತ್ರದುರ್ಗದಲ್ಲಿ ನನ್ನ ಅಕ್ಕನ ಮನೆಗೆ ಬಾವಿ ಮನೆ ಎಂದೇ ಹೆಸರು. ಹೊಳಲ್ಕೆರೆ ರಸ್ತೆಯಿಂದ ಇಳಿಜಾರಾಗಿ ಇಳಿಯುವ ಆ ಓಣಿಯಲ್ಲಿ ಯಾರ ಮನೆ ಕೇಳಿದರೂ ‘ಬಾವಿ ಮನೆ ದಾಟಿ’ ಅಥವಾ ‘ಬಾವಿ ಮನೆಗಿಂತ ಹಿಂದೆ’ ಎಂದು ಗುರುತು ಹೇಳುತ್ತಾರೆ. ಬಾವಿ ಹಿತ್ತಿಲಲ್ಲಿಲ್ಲ. ಗೇಟು ತೆಗೆದು ಒಳಗೆ ಕಾಲಿಟ್ಟರೆ ಎಡಗಡೆ, ಮನೆಗಿಂತ ಮೊದಲೇ ಅದು ಸಿಗುತ್ತದೆ. ಭಾವನ ಅಪ್ಪ ಹೊಸದುರ್ಗದ ಕಡೆಯ ಹಳ್ಳಿಯಿಂದ ಕಲ್ಲು ಒಡೆಯುವ ಕೆಲಸಕ್ಕೆ ಬಂದವರು. ಜಾಗ ಮಾಡಿಕೊಂಡ ಮೇಲೆ ಮೊದಲು ಬಾವಿ ತೋಡಿದರು. ಮನೆಯ ಗೋಡೆ ಎದ್ದದ್ದು ಆಮೇಲೆ. ಬಾವಿಯ ಒಳಸುತ್ತಿಗೆ ಕಟ್ಟಿದ ಕಲ್ಲುಗಳನ್ನೂ ಅವರೇ ಒಡೆದದ್ದಂತೆ. ನಾನು ಅವರನ್ನು ನೋಡಿಲ್ಲ. ಅಕ್ಕ ಮದುವೆಯಾಗಿ ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ನಾನು ಡಿಗ್ರಿ ಓದಿದ್ದು ಆ ಮನೆಯಲ್ಲಿದ್ದುಕೊಂಡೇ. ಬೆಳಿಗ್ಗೆ ರಾಟೆಯ ಕಿರ್ರೆನ್ನುವ ಸದ್ದಿಗೆ ಎಚ್ಚರವಾಗುತ್ತಿತ್ತು. ಊರಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಪೈಪು ಒಡೆದರೆ, ಕರೆಂಟು ಹೋದರೆ ಅದೂ ಇಲ್ಲ. ಓಣಿಯ ಬೋರ್‌ಗಳು ಬೇಸಿಗೆಯಲ್ಲಿ ಬರೀ ಗಾಳಿ ಉಗುಳುತ್ತಿದ್ದವು. ಆಗೆಲ್ಲ ಜನ ಕೊಡ ಹಿಡಿದು ಬರುತ್ತಿದ್ದದ್ದು ಅಕ್ಕನ ಮನೆಗೆ. ಗೇಟಿಗೆ ಚಿಲಕವಿತ್ತು, ಹಾಕಿದ್ದನ್ನು ನಾನು ನೋಡಿರಲಿಲ್ಲ. ಭಾವ ಡೀಸೆಲ್ ಗಾಡಿಗಳ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮಾತು ಕಡಿಮೆ, ಯಾವುದಕ್ಕೂ ಮುಂದೆ ನಿಲ್ಲುವ ಜಾಯಮಾನದವರಲ್ಲ. ಬಾವಿಯೊಂದರ ವಿಷಯದಲ್ಲಿ ಮಾತ್ರ ಅವರಿಗೆ ಒಂದು ಸಣ್ಣ ಜಂಬವಿತ್ತು. ನೀರು ಸೇದಲು ಬಂದವರು ನೀರು ಎಷ್ಟು ತಂಪು ಎಂದರೆ, ಕೇಳಿಸದವರ ಹಾಗೆ ಒಳಗೆ ಹೋಗಿ, ಅಡುಗೆಮನೆಯಲ್ಲಿ ಅಕ್ಕನಿಗೆ ಅದನ್ನೇ ಒಪ್ಪಿಸುತ್ತಿದ್ದರು.

ಆ ನೀರಿಗೆ ವಾಸನೆ ಬಂದಾಗ ಮೊದಲು ಬೈಸಿಕೊಂಡದ್ದೂ ಅವರೇ. ಒಂದು ಬೆಳಿಗ್ಗೆ ಅಕ್ಕನಿಗೆ ಕಾಫಿಯಲ್ಲಿ ಏನೋ ಒಂಥರಾ ಅನ್ನಿಸಿತು. ಕುಡಿಯುವ ನೀರಿನ ಬಿಂದಿಗೆ ಮೂಸಿ ನೋಡಿದಳು. ಎಣ್ಣೆಯಂಥ ವಾಸನೆ. ಗ್ಯಾರೇಜಿನಿಂದ ಬಂದ ಕೈಯಲ್ಲೇ ಬಿಂದಿಗೆ ಮುಟ್ಟಿದ್ದಾರೆ ಎಂದು ತೀರ್ಮಾನಿಸಿಬಿಟ್ಟಳು. ಭಾವ ಸೋಪು ಹಾಕಿ ತೊಳೆದರು, ಬೂದಿಯಲ್ಲಿ ಉಜ್ಜಿದರು, ನಿಂಬೆಹಣ್ಣಿನ ಸಿಪ್ಪೆ ತಿಕ್ಕಿದರು. ಅಡುಗೆಮನೆಗೆ ಕಾಲಿಡುವ ಮೊದಲು ಅಕ್ಕನ ಮುಂದೆ ಎರಡೂ ಕೈ ಚಾಚಿ ‘ನೋಡು’ ಎನ್ನಬೇಕು. ಅವಳು ಮೂಸಿ ಹೂಂ ಎಂದರೆ ಮಾತ್ರ ಒಳಗೆ. ನಾನು ಪಾಠ ಮಾಡುವ ಶಾಲೆಗೆ ಆ ವಾರ ರಜೆ ಎಂದು ನಾನೂ ಅಲ್ಲಿಗೆ ಬಂದಿದ್ದೆ. ಶಾಲೆಯಲ್ಲಿ ಉಗುರು ತೋರಿಸುವ ಮಕ್ಕಳ ಹಾಗೆ ಅವರು ನಿಲ್ಲುವುದನ್ನು ನೋಡಿ ನಕ್ಕೂ ನಕ್ಕೂ ಸಾಕಾಗಿತ್ತು. ಎದುರು ಮನೆಯ ಅಜ್ಜಿಗೆ ಇಷ್ಟು ಸಾಕಾಯಿತು. ಹಗ್ಗ ಎಳೆಯುತ್ತ, ಓಣಿಗೆಲ್ಲ ಕೇಳುವ ಹಾಗೆ ಅಕ್ಕನನ್ನು ಕೇಳಿದಳು: “ಏನವ್ವ, ನಿನ್ನ ಗಂಡ ಲಾರೀನ ತಂದು ಬಾವ್ಯಾಗೇ ತೊಳೀತಾನೇನು?”

ಸ್ವಲ್ಪ ದಿನಕ್ಕೆ ಪಕ್ಕದ ಮನೆಯ ಬೋರ್‌ನಲ್ಲೂ ಅದೇ ವಾಸನೆ ಬಂತು. ಆಮೇಲೆ ಅದರಾಚೆಯ ಮನೆಯಲ್ಲೂ. ಆ ಮನೆಯವರು ಗ್ಯಾರೇಜಿಗೆ ಹೋಗುವವರಲ್ಲ. ನಗು ಅಲ್ಲಿಗೆ ನಿಂತಿತು.

ಓಣಿಯ ಮೇಲ್ತುದಿಯಲ್ಲಿ, ಮುಖ್ಯರಸ್ತೆಗೆ ತಾಗಿ, ಒಂದು ಪೆಟ್ರೋಲ್ ಬಂಕ್ ಇದೆ. ಅದು ಎಷ್ಟೋ ವರ್ಷಗಳಿಂದ ಅಲ್ಲೇ ಇದ್ದದ್ದರಿಂದ ಅದರ ಕಡೆಗೆ ಯಾರಿಗೂ ಯೋಚನೆ ಹೋಗಿರಲಿಲ್ಲ. ಕಣ್ಣಿಗೆ ಕಾಣುವುದು ಮೇಲಿನ ಪಂಪುಗಳು. ಕೆಳಗೆ ನೆಲದಲ್ಲಿ ಹೂತ ತೊಟ್ಟಿಗಳು ಇರುತ್ತವೆ, ಅವೂ ತುಕ್ಕು ಹಿಡಿಯುತ್ತವೆ ಎಂದು ನಾವು ಯೋಚಿಸುವುದಾದರೂ ಯಾವಾಗ? ಓಣಿಯವರು ಗುಂಪಾಗಿ ಹೋಗಿ ಕೇಳಿದಾಗ, ನಿಮ್ಮ ಓಣಿಯಲ್ಲೇ ಯಾರೋ ಸೀಮೆಎಣ್ಣೆ ಚೆಲ್ಲಿರಬೇಕು ಎಂದು ಬಂಕಿನವರು ಸಾಗಹಾಕಿದರು. ಅರ್ಜಿ ಕೊಟ್ಟದ್ದಾಯಿತು. ಬಹಳ ಓಡಾಟದ ಮೇಲೆ ನೀರು ಪರೀಕ್ಷೆ ಮಾಡುವವರು ಬಂದರು. ಅವರ ಜೊತೆ ಒಬ್ಬ ಹುಡುಗಪ್ರಾಯದ ಎಂಜಿನಿಯರ್ ಇದ್ದ. ಮೈಸೂರಿನ ಕಡೆಯ ಮಾತು, ಗುತ್ತಿಗೆಯ ಕೆಲಸ. ಒಳ್ಳೆಯವನು. ಬಾವಿಕಟ್ಟೆಯ ಮೇಲೆ ಕಾಲಿಡುವ ಮೊದಲು ಚಪ್ಪಲಿ ಬಿಟ್ಟ. ಅದೊಂದಕ್ಕೇ ಅಕ್ಕನಿಗೆ ಅವನ ಮೇಲೆ ನಂಬಿಕೆ ಬಂತು.

ಅವನು ಒಂದು ಪಾರದರ್ಶಕ ಕೊಳವೆಯನ್ನು ದಾರ ಕಟ್ಟಿ ಬಾವಿಗೆ ಬಿಟ್ಟು, ಮೇಲೆಳೆದು, ಬಿಸಿಲಿಗೆ ಹಿಡಿದ. ಕೆಳಗೆ ನೀರು. ಅದರ ಮೇಲೆ, ಹಾಲಿನ ಮೇಲೆ ಕೆನೆ ಕೂತ ಹಾಗೆ, ಹಳದಿಗೆ ತಿರುಗಿದ ಇನ್ನೊಂದು ತೆಳು ಪದರ. ಎರಡರ ನಡುವೆ ಗೆರೆ ಎಳೆದಷ್ಟು ಸ್ಪಷ್ಟ. “ಇದು ನೀರಿಗಿಂತ ಹಗುರ, ತೇಲುತ್ತೆ. ಬಂಡೆಯ ಬಿರುಕಲ್ಲಿ ದಾರಿ ಮಾಡ್ಕೊಂಡು ಬಂದಿದೆ,” ಎಂದ. ಭಾವ ಆ ಕೊಳವೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಅಕ್ಕನ ಕಡೆ ನೋಡಿದರು. ಅವಳು ಸೆರಗಿನ ತುದಿ ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಆವತ್ತಿನಿಂದ ಅವಳು ಅವರ ಕೈ ಮೂಸುವುದನ್ನು ಬಿಟ್ಟಳು. ಅವರು ಮಾತ್ರ ತೊಳೆದುಕೊಳ್ಳುವುದನ್ನು ಬಿಡಲಿಲ್ಲ.

ಬಂಕಿನವರು ಒಪ್ಪಿಕೊಳ್ಳಲೇಬೇಕಾಯಿತು. ಬಾವಿಯ ಪಕ್ಕದಲ್ಲಿ ಒಂದು ಪಂಪು ಕೂರಿಸಿ, ತೇಲುವುದನ್ನು ಎಳೆದು ಡ್ರಮ್ಮಿಗೆ ತುಂಬಿಸಿಕೊಂಡು ಹೋಗತೊಡಗಿದರು. ಓಣಿಯಲ್ಲಿ ಅಲ್ಲಲ್ಲಿ ಪರೀಕ್ಷೆಯ ಬೋರ್ ಕೊರೆದರು. ಬಾವಿಗೆ ತಗಡು ಮುಚ್ಚಿ, ‘ಕುಡಿಯಲು ಯೋಗ್ಯವಲ್ಲ’ ಎಂಬ ಫಲಕ ತೂಗುಹಾಕಿದರು. ನೀರಿಗೆ ಟ್ಯಾಂಕರ್ ಕಳಿಸುತ್ತೇವೆಂದರು, ಕಳಿಸಿದರು ಕೂಡ. ಪಂಪು ಕೂರಿಸಿದ ದಿನ ಬಂಕಿನ ಮೇಲ್ವಿಚಾರಕ ಬಂದು ಬಾವಿಕಟ್ಟೆಯ ಮೇಲೆ ಕೂತ. ನಾನು ಅಲ್ಲೇ ಇದ್ದೆ. ಅಕ್ಕ ಕೊಟ್ಟ ಟೀ ಕುಡಿಯುತ್ತ ಅವನು ಹೇಳಿದ ಮಾತು ನನಗೆ ಇವತ್ತಿಗೂ ಅವನದೇ ದನಿಯಲ್ಲಿ ಕೇಳುತ್ತದೆ:

“ಪೆಟ್ರೋಲ್ ಟ್ಯಾಂಕ್ ಗಟ್ಟಿ ಐತಕ್ಕ. ಸೋರಿರೋದು ಬರೀ ಡೀಸೆಲ್ಲು. ಎಲ್ಲಾ ಎಳ್ಕೊಂಡು ಹೋಗ್ತೀವಿ, ಏನೂ ಹೆದರಬ್ಯಾಡ್ರಿ.”

ಬರೀ ಡೀಸೆಲ್ಲು. ಓಣಿಯಲ್ಲಿ ಎಲ್ಲರ ಬಾಯಲ್ಲೂ ಆ ಮಾತು ನಿಂತುಬಿಟ್ಟಿತು. ಡೀಸೆಲ್ ಎಂದರೆ ಭಾವನಿಗೆ ಮನೆಯ ಪದಾರ್ಥ. ಗ್ಯಾರೇಜಿನಲ್ಲಿ ತಟ್ಟೆ ತುಂಬ ಡೀಸೆಲ್ ಇಟ್ಟುಕೊಂಡು ನಟ್ಟು ಬೋಲ್ಟು ತೊಳೆಯುತ್ತಾರೆ, ಪಕ್ಕದಲ್ಲೇ ಕೂತವನು ಬೀಡಿ ಸೇದುತ್ತಿರುತ್ತಾನೆ. ಕಡ್ಡಿ ಗೀರಿ ಅದರೊಳಗೆ ಹಾಕಿದರೆ ಕಡ್ಡಿಯೇ ಆರುತ್ತದೆ ಎಂದು ಅವರು ನನಗೆ ಹೇಳಿದ್ದುಂಟು. ಪೆಟ್ರೋಲ್ ಎಂದಿದ್ದರೆ ಅವರು ಆ ಬಾವಿಯ ಹತ್ತಿರ ಊದಿನಕಡ್ಡಿ ತರಲೂ ಬಿಡುತ್ತಿರಲಿಲ್ಲ. ಎಂಜಿನಿಯರ್ ಹುಡುಗನನ್ನು ಕೇಳಿದಾಗ, ಯಾವುದು ಎಷ್ಟಿದೆ ಎಂದು ಲ್ಯಾಬಿನಿಂದ ಬರಬೇಕು ಎಂದಿದ್ದ. ಆ ಉತ್ತರ ಓಣಿಗೆ ಬರಲೇ ಇಲ್ಲ.

ಮಳೆ ಬಂತು. ಜೋಗಿಮಟ್ಟಿ ಬೆಟ್ಟದ ಮೇಲೆ ಮೋಡ ಕೂತು ಏಳದ ವರ್ಷ ಅದು. ಬಾವಿಯಲ್ಲಿ ನೀರು ಮೇಲೇರಿತು, ವಾಸನೆ ಕಡಿಮೆಯಾಯಿತು, ಆಮೇಲೆ ಇಲ್ಲವೇ ಇಲ್ಲ ಎನ್ನುವಷ್ಟಾಯಿತು. ಪಂಪಿನ ಡ್ರಮ್ಮಿಗೆ ಬರೀ ನೀರು ಬರತೊಡಗಿದಾಗ ಅವರು ಅದನ್ನು ಕಿತ್ತುಕೊಂಡು ಹೋದರು. ಎಂಜಿನಿಯರ್ ಹುಡುಗ, ಇದು ಹೋಗಿಲ್ಲ, ನೀರು ಏರಿದ್ದಕ್ಕೆ ಬಂಡೆಯ ಬಿರುಕುಗಳಲ್ಲಿ ಅಂಟಿಕೊಂಡು ಕೂತಿದೆ, ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ಇಳಿದು ಬರುತ್ತದೆ ಎಂದು ಹೇಳಿದ್ದ. ಆದರೆ ಅವನ ಗುತ್ತಿಗೆ ಮುಗಿದು ಅವನು ಬೇರೆ ಊರಿಗೆ ಹೋದ. ಅವನ ಜಾಗಕ್ಕೆ ಬಂದವರು ಯಾರೆಂದು ನಮಗೆ ತಿಳಿಯಲಿಲ್ಲ. ತಗಡು ಮಾತ್ರ ಬಾವಿಯ ಮೇಲೆ ಉಳಿಯಿತು, ಗಾಳಿಗೆ ಹಾರದ ಹಾಗೆ ಸುತ್ತ ಕಲ್ಲು ಹೇರಿಕೊಂಡು.

ಬೇಸಿಗೆ ಬಂದಾಗ ನೀರು ಇಳಿದು, ತಗಡಿನ ಸಂದಿಯಿಂದ ವಾಸನೆ ಮತ್ತೆ ಬರತೊಡಗಿತು. ಟ್ಯಾಂಕರ್ ದಿನ ಬಿಟ್ಟು ದಿನ ಎಂದಾಯಿತು, ಆಮೇಲೆ ಫೋನು ಮಾಡಿದರೆ ಎಂದಾಯಿತು. ಬಂದ ದಿನ ಓಣಿಯಲ್ಲಿ ಕೊಡಗಳ ಸಾಲು, ಜಗಳ. ಬಾವಿ ಮನೆಯವರೂ ಸಾಲಿನಲ್ಲಿ ನಿಂತರು. ಅಕ್ಕನಿಗೆ ಜ್ವರ ಬಂದ ಒಂದು ದಿನ ಭಾವನೇ ಹೋಗಿ ನಿಂತರಂತೆ. ಎದುರು ಮನೆಯ ಅಜ್ಜಿ ಹಿಂದೆ ನಿಂತಿದ್ದವಳು, ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವಳ ಬಾಯಿಯೇ ಹಾಗೆ, ಬಾವಿ ಮನೆಯವನಿಗೂ ಪಾಳಿ ಬಂತಾ ಎಂದಳಂತೆ. ಭಾವ ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ಬಂದರು. ಬಂದು, ತಗಡಿನ ಮೇಲಿನ ಕಲ್ಲುಗಳನ್ನು ಸುಮ್ಮನೆ ನೋಡುತ್ತ ನಿಂತಿದ್ದರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಈ ಬಾವಿಯನ್ನು ಮತ್ತೆ ಜನ ಸೇದುವ ಹಾಗೆ ಮಾಡದಿದ್ದರೆ ಅಪ್ಪನ ಮನೆಯಲ್ಲಿ ತಾನು ಯಾಕಿರಬೇಕು ಎಂಬಂಥ ಮಾತು ಅವರ ಬಾಯಲ್ಲಿ ಬರಹತ್ತಿತ್ತು. ಅವರು ಅಷ್ಟು ದೊಡ್ಡ ಮಾತು ಆಡುವವರಲ್ಲ. ಅದಕ್ಕೇ ಅಕ್ಕನಿಗೆ ಹೆದರಿಕೆ.

ಹಳ್ಳಿಯಿಂದ ಅವರು ತಮ್ಮ ಚಿಕ್ಕಪ್ಪನನ್ನು ಕರೆಸಿದರು. ಆ ಮನೆತನದವರಿಗೆ ಬೇಸಿಗೆಯಲ್ಲಿ ಸುತ್ತಲ ಊರುಗಳ ಬಾವಿಗಳ ಹೂಳು ತೆಗೆಯುವ ಕೆಲಸವಿತ್ತು. ಭಾವನೂ ಮೀಸೆ ಮೂಡುವ ವಯಸ್ಸಿನಲ್ಲಿ ಚಿಕ್ಕಪ್ಪನ ಜೊತೆ ಬಾವಿಗಳಿಗೆ ಇಳಿದವರೇ. ಇಬ್ಬರೂ ಸೇರಿ ಯೋಚನೆ ಮಾಡಿದರು. ಮೋಟರು ಇಟ್ಟು ನೀರನ್ನೆಲ್ಲ ಖಾಲಿ ಮಾಡುವುದು, ಕೆಳಗಿಳಿದು ಗೋಡೆಯ ಕಲ್ಲುಗಳನ್ನು ಉಜ್ಜುವುದು, ಹೂಳು ತೆಗೆದು ಸುಣ್ಣ ಹಾಕುವುದು, ಹೊಸ ನೀರು ಊರಲು ಬಿಡುವುದು. ಹಳ್ಳಿಯಲ್ಲಿ ಬಾವಿಗೆ ನಾಯಿ ಬಿದ್ದರೂ, ಹೆಣ ಬಿದ್ದರೂ ಹೀಗೇ ಮಾಡಿ ಮತ್ತೆ ಕುಡಿದಿದ್ದಾರೆ. ಬಾವಿ ಕೆಟ್ಟರೆ ತೊಳೆಯುವುದು ಅವರಿಗೆ ಗೊತ್ತಿದ್ದ ದಾರಿ. ಬಾವಿಯ ಆಚೆ, ಬಂಡೆಯೊಳಗೆ, ಯಾರೂ ಉಜ್ಜಲಾಗದ ಕಡೆ ಇನ್ನಷ್ಟು ಕೂತಿದೆ ಎಂಬುದನ್ನು ಕೈಯಲ್ಲಿ ಹಿಡಿದು ತೋರಿಸುವವರು ಅಲ್ಲಿರಲಿಲ್ಲ.

ಆ ಮನೆತನಕ್ಕೆ ಒಂದು ಕಟ್ಟುನಿಟ್ಟು ಇತ್ತು. ಬಹಳ ದಿನ ಮುಚ್ಚಿದ ಬಾವಿಗೆ ದೀಪ ಇಳಿಸಿ ನೋಡದೆ ಮನುಷ್ಯ ಇಳಿಯಬಾರದು. ಹಿಂದೆ ಯಾವುದೋ ತೋಟದ ಬಾವಿಯಲ್ಲಿ ಅವರ ಪೈಕಿ ಒಬ್ಬ ಕೆಟ್ಟ ಗಾಳಿಗೆ ಸಿಕ್ಕಿ ಮೇಲೆ ಬರಲೇ ಇಲ್ಲವಂತೆ. ಅವನನ್ನು ಎತ್ತಲು ಇಳಿದವನೂ ಹೋದನಂತೆ. ಅಂದಿನಿಂದ ಬಕೆಟ್ಟಿನಲ್ಲಿ ದೀಪ ಹಚ್ಚಿಟ್ಟು ಹಗ್ಗದಲ್ಲಿ ತಳದವರೆಗೆ ಬಿಡುತ್ತಾರೆ. ದೀಪ ಉರಿಯುತ್ತಿದ್ದರೆ ಇಳಿಯಬಹುದು. ಆರಿದರೆ ಆ ದಿನ ಕೆಲಸವಿಲ್ಲ. ಅಷ್ಟು ಜನ ಅಷ್ಟು ಬಾವಿಗಳಿಗೆ ಇಳಿದು ಜೀವಂತ ಹತ್ತಿ ಬಂದದ್ದು ಆ ದೀಪದಿಂದ.

ಆ ಭಾನುವಾರ ನಾನು ಹೊಳಲ್ಕೆರೆಯಿಂದ ಬೆಳಗಿನ ಬಸ್ಸು ಹಿಡಿದು ಬಂದೆ. ಅಲ್ಲಿನ ಒಂದು ಶಾಲೆಯಲ್ಲಿ ನಾನು ಪಾಠ ಮಾಡುತ್ತೇನೆ. ವಾರದ ರಜೆಗೆ ಅಕ್ಕನ ಮನೆಗೆ ಹೋಗುವುದು ರೂಢಿ. ಬಾವಿ ತೊಳೆಯುತ್ತಾರೆ, ಬಾ ಎಂದು ಅಕ್ಕ ಹೇಳಿದ್ದಳು. ಅವಳ ದನಿಯಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಗೆಲುವಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆಂದು ಕನಕಾಂಬರ ಕೊಂಡೆ. ಓಣಿ ಇಳಿಯುವಾಗ ಬಂಕಿನಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಬಿಸಿಲು ಆಗಲೇ ಏರಿತ್ತು.

ಗೇಟಿನಿಂದ ನನಗೆ ಕಂಡದ್ದು ಇಷ್ಟು. ತಗಡು ಗೋಡೆಗೆ ಒರಗಿತ್ತು. ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟಿದ್ದರು, ಗಂಗೆಯನ್ನು ಮುಟ್ಟುವ ಮೊದಲು ಪೂಜೆ ಮಾಡುವುದು ಅಕ್ಕನ ಪದ್ಧತಿ. ಚಿಕ್ಕಪ್ಪ ಸ್ವಲ್ಪ ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅಕ್ಕ ದೇವರ ಮನೆಯ ಸಣ್ಣ ಹಿತ್ತಾಳೆ ದೀಪವನ್ನು ಅಂಗೈ ಅಡ್ಡ ಹಿಡಿದು ತಂದು ಭಾವನ ಕೈಗೆ ಕೊಟ್ಟಳು. ಭಾವ ಅದನ್ನು ಬಕೆಟ್ಟಿನಲ್ಲಿಟ್ಟರು. ನಾನು ಅದನ್ನೂ ಪೂಜೆಯೆಂದೇ ತಿಳಿದೆ. ಗಂಗೆಗೆ ದೀಪ ಬಿಡುತ್ತಿದ್ದಾರೆ ಎಂದುಕೊಂಡು, ಚಪ್ಪಲಿ ಬಿಡಲು ಬಗ್ಗಿದೆ.

ಹಗ್ಗ ರಾಟೆಯ ಮೇಲೆ ಮೆಲ್ಲಗೆ ಸರಿಯುವ ಸದ್ದು. “ಉರೀತೈತೇನ್ಲಾ?” ಎಂದು ಚಿಕ್ಕಪ್ಪ ಕೇಳಿದ್ದು. ನೋಡಲು ಭಾವ ಕಟ್ಟೆಯ ಮೇಲಿಂದ ಬಗ್ಗಿದ್ದನ್ನು ನಾನು ನೋಡಲಿಲ್ಲ, ಅಕ್ಕ ಆಮೇಲೆ ಹೇಳಿದ್ದು. ನನಗೆ ಕೇಳಿದ್ದು ಒದ್ದೆ ಜಮಖಾನೆಯನ್ನು ಕಲ್ಲಿಗೆ ಒಮ್ಮೆ ಅಪ್ಪಳಿಸಿದಂಥ ಸದ್ದು. ದೊಡ್ಡ ಸದ್ದೇನಲ್ಲ. ತಲೆಯೆತ್ತಿದಾಗ ಬೆಂಕಿ ಕಾಣಲಿಲ್ಲ. ಆ ಬಿಸಿಲಿನಲ್ಲಿ ಬಾವಿಯ ಮೇಲೆ ಗಾಳಿ ಅಲುಗಾಡುತ್ತಿತ್ತು ಅಷ್ಟೆ, ಕಾದ ರಸ್ತೆಯ ಮೇಲೆ ಅಲುಗಾಡುವ ಹಾಗೆ, ಅದರೊಳಗೆ ಒಂದಿಷ್ಟು ನೀಲಿ. ಕಟ್ಟೆಯ ಮೇಲಿನ ಹೂವು ಸುರುಟಿಕೊಂಡು ಕಪ್ಪಾಗುತ್ತಿತ್ತು. ಭಾವ ನಿಂತೇ ಇದ್ದರು. ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು, ಅಕ್ಕನ ಕಡೆ ತಿರುಗಿ ನಿಂತಿದ್ದರು. ಅವರ ಮುಖಕ್ಕೆ ಹುಬ್ಬಿರಲಿಲ್ಲ. ಅಂಗಿ ಉರಿಯುತ್ತಿದೆ ಎಂದು ನನಗೆ ಅರ್ಥವಾಗುವಷ್ಟರಲ್ಲಿ ಎದುರು ಮನೆಯ ಅಜ್ಜಿ ನನ್ನನ್ನು ತಳ್ಳಿಕೊಂಡು ಒಳಗೆ ನುಗ್ಗಿ, ಮುಂಜಾನೆಯಿಂದ ಸಾಲಿನಲ್ಲಿ ನಿಂತು ಹಿಡಿದಿದ್ದ ಟ್ಯಾಂಕರ್ ನೀರಿನ ಕೊಡವನ್ನು ಹಾಗೇ ಅವರ ಮೇಲೆ ಸುರಿದಳು. ಹೋಗಿ ಇನ್ನೊಂದು ತಂದಳು. ಅದನ್ನೂ ಸುರಿದಳು.

ಬಾವಿ ಒಳಗೇ ಉರಿಯುತ್ತಿತ್ತು. ಪಂಪ್ ಸ್ಟೌ ಹಚ್ಚಿದಾಗ ಬರುವ ಭರ್ರೆನ್ನುವ ಸದ್ದು ನೆಲದೊಳಗಿಂದ ಬರುತ್ತಿತ್ತು. ಬಂಕಿನಿಂದ ಕೆಲಸದವರು ಮರಳಿನ ಕೆಂಪು ಬಕೆಟ್ಟುಗಳನ್ನು ಹಿಡಿದು ಓಣಿಯಲ್ಲಿ ಓಡಿ ಬಂದರು. ಬೆಂಕಿ ಬಿದ್ದರೆ ಇರಲಿ ಎಂದು ಅವರ ಕಂಬಕ್ಕೆ ಯಾವಾಗಲೂ ತೂಗುಬಿಟ್ಟಿರುವ ಬಕೆಟ್ಟುಗಳು ಅವು. ತಮ್ಮ ಮನೆಯ ಬೆಂಕಿಗೆ ಇಟ್ಟುಕೊಂಡದ್ದನ್ನು ಅವರು ನಮ್ಮ ಮನೆಗೆ ತಂದು ಸುರಿದರು. ಅಗ್ನಿಶಾಮಕದವರು ಬಂದು ನೊರೆ ಹೊಡೆದ ಮೇಲೆ ಸದ್ದು ನಿಂತಿತು. ಆ ಹೊತ್ತಿಗೆ ನಾವು ಆಸ್ಪತ್ರೆಯಲ್ಲಿದ್ದೆವು. ನನ್ನ ಕೈಯಲ್ಲಿ ಕನಕಾಂಬರದ ಪೊಟ್ಟಣ ಇನ್ನೂ ಇತ್ತು.

ಚಿತ್ರದುರ್ಗದಿಂದ ದಾವಣಗೆರೆಗೆ ಕಳಿಸಿದರು. ಕಣ್ಣು ಉಳಿದವು, ಬಗ್ಗಿದ ಮುಖಕ್ಕೆ ಬೆಂಕಿ ಎದ್ದಾಗ ರೆಪ್ಪೆ ಮುಚ್ಚಿಕೊಂಡಿತ್ತಂತೆ. ಬೆರಳುಗಳು ಒಳಕ್ಕೆ ಮಡಚಿಕೊಂಡೇ ಮಾಯ್ದವು. ಬಿಸಿ ಉಸಿರಿನ ಜೊತೆ ಒಳಗೆ ಹೋದದ್ದಕ್ಕೋ ಏನೋ, ಮೂಗಿಗೆ ವಾಸನೆ ತಿಳಿಯುವುದು ಹೋಯಿತು. ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಬರಲಿಲ್ಲ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅಕ್ಕ ಕೂತಿರುತ್ತಿದ್ದಳು. ದೀಪ ಕೊಟ್ಟ ಕೈ ತನ್ನದು ಎಂದು ಅವಳು ಯಾರ ಹತ್ತಿರವೂ ಹೇಳಲಿಲ್ಲ, ನಾವೂ ಆ ಮಾತು ಎತ್ತಲಿಲ್ಲ. ಚಿಕ್ಕಪ್ಪ ಎರಡು ಬೆಂಚು ಆಚೆ, ಟವೆಲ್ಲು ತಲೆಗೆ ಹಾಕಿಕೊಂಡು ಕೂತಿದ್ದರು. ಊಟ ತಂದು ಕೊಟ್ಟಾಗ ನನ್ನ ಮುಖ ನೋಡದೆ ಹೇಳಿದರು:

“ದೀಪ ಆರಿದ್ರೆ ಇಳೀಬಾರ್ದು ಅಂಬೋದು ಗೊತ್ತಿತ್ತವ್ವ. ದೀಪ ಮ್ಯಾಲಕ್ಕೆ ಎದ್ದು ಬರ್ತೈತೆ ಅಂತ ನಮಗೆ ಯಾರೂ ಹೇಳಿರ್ಲಿಲ್ಲ.”

ಆಮೇಲೆ ಅವರು ಯಾವ ಬಾವಿಗೂ ಹೋಗಲಿಲ್ಲ ಎಂದು ಕೇಳಿದೆ.

ಬೆಂಕಿಯಾದ ಮೇಲೆ ಎಲ್ಲರೂ ಬಂದರು. ಮತ್ತೆ ನೀರು ತೆಗೆದುಕೊಂಡು ಹೋದರು. ಈ ಸಲ ಉತ್ತರ ಬೇಗ ಬಂತು. ಡೀಸೆಲ್ ಇದ್ದದ್ದು ನಿಜ, ಪೆಟ್ರೋಲೂ ಇತ್ತು, ಮೊದಲಿನಿಂದಲೂ ಇತ್ತು. ಪೆಟ್ರೋಲಿನ ಟ್ಯಾಂಕನ್ನು ಅಗೆದು ತೆಗೆದಾಗ ಅದರ ಅಡಿ ಜರಡಿಯಾಗಿತ್ತೆಂದು ನೋಡಿದವರು ಹೇಳಿದರು. ತಿಂಗಳುಗಟ್ಟಲೆ ತಗಡಿನ ಕೆಳಗೆ ಅದರ ಆವಿ ಬಾವಿ ತುಂಬ ಕೂತಿತ್ತು. ನಮ್ಮ ಮೂಗಿಗೆ ಅದು ರೂಢಿಯಾಗಿ ಹೋಗಿತ್ತು. ಮೇಲ್ವಿಚಾರಕ ಆ ಹೊತ್ತಿಗೆ ಕೆಲಸ ಬಿಟ್ಟಿದ್ದ. ಅವನು ಗೊತ್ತಿದ್ದೂ ಸುಳ್ಳು ಹೇಳಿದನೋ, ಟೀ ಕುಡಿದ ಋಣಕ್ಕೆ ಒಂದು ಸಮಾಧಾನದ ಮಾತು ಆಡಿದನೋ, ಕೇಳೋಣವೆಂದರೆ ಅವನಿಲ್ಲ. ಫಲಕದಲ್ಲಿ ಕುಡಿಯಬೇಡಿ ಎಂದಿತ್ತು. ಬೆಂಕಿಯ ಮಾತು ಅದರಲ್ಲಿರಲಿಲ್ಲ. ನಾನು ಆ ಫಲಕವನ್ನು ಎಷ್ಟು ಸಲ ಮನಸ್ಸಿನಲ್ಲಿ ಓದಿದ್ದೇನೋ, ಇನ್ನೊಂದು ಸಾಲು ಕೆಳಗೆಲ್ಲಾದರೂ ಇತ್ತೇನೋ ಎಂದು.

ಶಾಲೆಯ ಕಾರ್ಯಕ್ರಮಗಳಲ್ಲಿ ದೀಪ ಹಚ್ಚುವಾಗ ನಾನು ಈಗ ಹಿಂದೆ ಹೋಗಿ ನಿಲ್ಲುತ್ತೇನೆ. ಹಚ್ಚುವುದು ಪರವಾಗಿಲ್ಲ. ಯಾರಾದರೂ ಹಚ್ಚಿದ ದೀಪವನ್ನು ಕೈಯಲ್ಲಿ ಹಿಡಿದು ಕೆಳಗೆ ಇಡಲು ಬಗ್ಗಿದರೆ ನನಗೆ ರಾಟೆಯ ಮೇಲೆ ಹಗ್ಗ ಸರಿಯುವ ಸದ್ದು ಬರುತ್ತದೆ. ಉರೀತೈತೇನ್ಲಾ ಎಂದು ಕೇಳುತ್ತದೆ. ಒಮ್ಮೆ ತರಗತಿಯಲ್ಲಿ ಹುಡುಗಿಯೊಬ್ಬಳು ನೆಲದ ಮೇಲೆ ಜಮಖಾನೆ ಕೊಡವಿದಾಗ ನಾನು ಕಪ್ಪುಹಲಗೆ ಹಿಡಿದುಕೊಂಡು ನಿಂತುಬಿಟ್ಟೆ. ಮಕ್ಕಳು ಪುಸ್ತಕದಿಂದ ತಲೆಯೆತ್ತಿ ಕಾಯುತ್ತಿದ್ದರು.

ಶುದ್ಧ ಮಾಡುವ ಕೆಲಸ ಈಗಲೂ ನಡೆದಿದೆ ಎಂದೇ ಹೇಳಬೇಕು. ಬಂಕಿಗೆ ಹೊಸ ಟ್ಯಾಂಕು, ಹೊಸ ಬಣ್ಣ. ಓಣಿಯಲ್ಲಿ ಒಂದು ಸಣ್ಣ ಶೆಡ್ಡು ಕಟ್ಟಿ ಪಂಪು ಇಟ್ಟಿದ್ದಾರೆ, ಕರೆಂಟಿದ್ದಾಗ ಓಡುತ್ತದೆ. ಮಳೆಗಾಲದಲ್ಲಿ ವಾಸನೆ ಹೋಗುತ್ತದೆ, ಮಾಘ ಕಳೆದರೆ ಬರುತ್ತದೆ. ಪ್ರತಿ ಬೇಸಿಗೆಯಲ್ಲೂ ಅದು ಒಂದೆರಡು ಮನೆಯಷ್ಟು ಕೆಳಗೆ ಸರಿದಿರುತ್ತದೆ. ಹೋದ ವರ್ಷ ಇಳಿಜಾರಿನ ತುದಿಯ ಅಂಗನವಾಡಿಯ ಬೋರ್‌ಗೂ ಬೀಗ ಹಾಕಿದರು. ಮೊದಲು ಬಂದಿದ್ದ ಎಂಜಿನಿಯರ್ ಹುಡುಗ ಒಮ್ಮೆ ಭಾವನನ್ನು ನೋಡಿಕೊಂಡು ಹೋಗಲು ತಾನಾಗಿ ಬಂದಿದ್ದ. ಎಷ್ಟು ವರ್ಷದಲ್ಲಿ ಹೋದೀತು ಎಂದು ಅಕ್ಕ ಕೇಳಿದಳು. ಅವನು ವರ್ಷದ ಲೆಕ್ಕ ಹೇಳಲಿಲ್ಲ. ತೆಗೆಯುವುದನ್ನು ನಿಲ್ಲಿಸಬಾರದು ಅಷ್ಟೆ, ಎಂದ. ಹೋಗುವಾಗ ಬಾವಿಕಟ್ಟೆ ದಾಟುವ ಮುಂಚೆ ಮತ್ತೆ ಚಪ್ಪಲಿ ಕಳಚಿದ. ಅಭ್ಯಾಸ.

ಬಾವಿಯ ಬಾಯಿಗೆ ಕಾಂಕ್ರೀಟ್ ಹಲಗೆ ಹಾಕಿದ್ದಾರೆ. ನಡುವೆ ಕೈ ಹೋಗುವಷ್ಟು ಒಂದು ಕಬ್ಬಿಣದ ಮುಚ್ಚಳ. ಪರೀಕ್ಷೆಯವರು ಬಂದಾಗ ಅದನ್ನು ತೆಗೆದು ಕೊಳವೆ ಇಳಿಸುತ್ತಾರೆ. ಮುಚ್ಚಳದ ಸದ್ದು ಕೇಳಿದರೆ ಭಾವ ಎಲ್ಲಿದ್ದರೂ ಎದ್ದು ಬರುತ್ತಾರೆ.

ಮೊನ್ನೆ ನಾನು ಹೋದ ದಿನವೂ ಅವರು ಬಂದಿದ್ದರು. ಈ ಸಲ ಬಂದವನು ಹೊಸಬ, ಅವಸರದಲ್ಲಿದ್ದ. ಬಾಟಲಿ ತುಂಬಿಸಿಕೊಂಡು, ಫಲಿತಾಂಶ ಆಮೇಲೆ ತಿಳಿಯುತ್ತದೆ ಎಂದು ಬೈಕು ಹತ್ತಿದ. ಮುಚ್ಚಳ ಇನ್ನೂ ತೆರೆದೇ ಇತ್ತು. ಭಾವ ಅದರ ಪಕ್ಕ ಕೂತು ನನ್ನ ಕಡೆ ನೋಡಿದರು. ಅಕ್ಕನನ್ನು ಅವರು ಕೇಳುವುದಿಲ್ಲ. ಕೇಳಿದರೆ ಅವಳು ಪ್ರತಿ ಸಲವೂ ಕಡಿಮೆಯಾಗಿದೆ ಎನ್ನುತ್ತಾಳೆ.

“ನೀನು ನೋಡವ್ವ.”

ನಾನು ಮಂಡಿಯೂರಿ ಬಗ್ಗಿದೆ. ಬಗ್ಗುವಾಗ ಕಣ್ಣು ತಾನಾಗಿ ಮುಚ್ಚಿಕೊಂಡವು. ಕೆಳಗಿನಿಂದ ತಣ್ಣಗೆ, ಕತ್ತಲಿನ ಜೊತೆಗೆ ಅದು ಬಂತು. ಬಸ್‌ಸ್ಟ್ಯಾಂಡಿನಲ್ಲಿ, ಬಂಕಿನಲ್ಲಿ, ಗಾಡಿಗಳ ಹಿಂದೆ ದಿನವೂ ಕುಡಿಯುವ ವಾಸನೆಯೇ. ಬಾವಿಯೊಳಗಿಂದ ಬಂದಾಗ ಮಾತ್ರ ಅದು ಬೇರೆ.

“ಐತೆ, ಭಾವ.”

“ಹೋದ ಸಲದಷ್ಟೇನಾ?”

“ಅಷ್ಟೇ ಐತೆ.”

ಅವರು ತಲೆಯಾಡಿಸಿದರು. ಮಡಚಿದ ಬೆರಳುಗಳಲ್ಲಿ ಮುಚ್ಚಳ ಹಿಡಿಯಲಾಗದೆ, ಅಂಗೈಯಿಂದ ದೂಡಿ ಅದನ್ನು ಜಾಗಕ್ಕೆ ಕೂರಿಸಿದರು. ಗ್ಯಾರೇಜು ಬಿಟ್ಟು ಬಹಳ ದಿನವಾಯಿತು. ಎಣ್ಣೆ, ಗ್ರೀಸು ಯಾವುದೂ ಆ ಕೈಗೆ ತಾಗುವುದಿಲ್ಲ. ಆದರೂ ಟ್ಯಾಂಕರ್ ನೀರಿನ ಡ್ರಮ್ಮಿನ ಹತ್ತಿರ ಹೋಗಿ, ಒಂದು ಚೊಂಬಿನಷ್ಟೇ ನೀರಿನಲ್ಲಿ, ಸೋಪು ಹಚ್ಚಿ, ಮೊಣಕೈಯವರೆಗೆ ತೊಳೆದುಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡೂ ಕೈಗಳನ್ನು ಅಕ್ಕನ ಮುಂದೆ ಚಾಚಿದರು. ತಾವೇ ಮೂಸಿಕೊಂಡು ತಿಳಿಯುವುದು ಅವರಿಗೆ ಸಾಧ್ಯವಿಲ್ಲವಲ್ಲ.

“ನೋಡು,” ಎಂದರು.

ಅಕ್ಕ ಒಲೆಯ ಉರಿ ಸಣ್ಣ ಮಾಡಿ ಬಂದಳು. ಆ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಬಗ್ಗಿ, ಒಂದೊಂದನ್ನೇ ಮೂಸಿದಳು.

“ಏನೂ ಇಲ್ಲ. ಬರ್ರಿ.”

ಅವರು ಒಳಗೆ ಹೋದರು. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಆದರೂ ನಾನು ಚೀಲ ತೆಗೆದುಕೊಂಡೆ. ಹೊರಗೆ ಬಂದು, ಅಕ್ಕ ಈಗ ಎಲ್ಲರಿಗೂ ಹೇಳುವ ಹಾಗೆ, ಗೇಟಿನ ಚಿಲಕ ಹಾಕಿದೆ.